ಮಾವ, ಮಾತ್ರೆ ಮತ್ತು ಮೂತ್ರಪಿಂಡದ ಬಾಗಿಲು

ಸೆಪ್ಟೆಂಬರ್ ೨, ಸೋಮವಾರ

ನಮ್ಮ ವಿಜ್ಞಾನ ಸಂಗ್ರಹಾಲಯಕ್ಕೆ ಸೋಮವಾರ ರಜೆ. ರಜೆಯೆಂದರೆ ಮನೆಯಲ್ಲಿರಬೇಕು, ಮನೆಯಲ್ಲಿ ಹೆಂಡತಿಯ ಅಪ್ಪ ಇದ್ದಾರೆ. ಆದ್ದರಿಂದ ಈಚೆಗೆ ನನಗೆ ವಾರವಿಡೀ ರಜೆ, ಸೋಮವಾರ ಮಾತ್ರ ಡ್ಯೂಟಿ.

ಅವಳಪ್ಪ ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರಾಗಿದ್ದವರು. ಅಂಗಡಿಯವರ ತಕ್ಕಡಿ ಹಿಡಿದು ಹಿಡಿದು ಆಯುಷ್ಯ ಸವೆಸಿದವರಿಗೆ ನಿವೃತ್ತಿಯ ನಂತರ ತೂಗಲು ಸಿಕ್ಕವನು ನಾನೊಬ್ಬನೇ. ಮದುವೆಗೆ ಮುಂಚೆ ನನ್ನನ್ನು ನೋಡಲು ಬಂದಾಗ ಮೇಲಿಂದ ಕೆಳಗೆ ಒಮ್ಮೆ ಕಣ್ಣಾಡಿಸಿ, ಮಗಳ ಕಿವಿಯಲ್ಲಿ "ಸ್ವಲ್ಪ ಕಮ್ಮಿ ಇದೆ" ಎಂದರಂತೆ. ಏನು ಕಮ್ಮಿ ಎಂದು ಇಷ್ಟು ವರ್ಷವಾದರೂ ಬಾಯಿ ಬಿಟ್ಟಿಲ್ಲ. ನಾನು ಹಾಸ್ಯ ಮಾಡಿದಾಗಲೆಲ್ಲ ಮುಖವನ್ನು ಮುದ್ರೆ ಹಾಕಿದ ತೂಕದ ಕಲ್ಲಿನಂತೆ ಇಟ್ಟುಕೊಳ್ಳುತ್ತಾರೆ.

ಬೇಸಿಗೆಯಲ್ಲಿ ಅವರಿಗೆ ಸರ್ಪಸುತ್ತು ಆಯಿತು. ಹುಣ್ಣು ಒಣಗಿತು, ನರದ ನೋವು ಉಳಿಯಿತು. ಹಾವು ಹೋದರೂ ಬುಸುಗುಡುವುದು ನಿಂತಿಲ್ಲ. ಒಬ್ಬರೇ ಇರಲಾಗದೆ ನಮ್ಮಲ್ಲಿಗೆ ಬಂದರು. ಹೋದ ವಾರ ವೈದ್ಯೆ ನೋವಿನ ಮಾತ್ರೆಯನ್ನು ಹೆಚ್ಚು ಬಲದ್ದಕ್ಕೆ ಬದಲಾಯಿಸಿದ್ದಾರೆ: ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ. ಮಧ್ಯಾಹ್ನದ್ದನ್ನು ಕೊಡಲು ಊಟದ ಹೊತ್ತಿಗೆ ನಾನೇ ಮನೆಗೆ ಬಂದು ಹೋಗುತ್ತೇನೆ.

ಇವತ್ತು ಕಾಫಿ ಕೊಟ್ಟೆ. ಲೋಟ ಬೆಳಕಿಗೆ ಹಿಡಿದು, "ಇದೇನಪ್ಪಾ, ಅರ್ಧ ಲೋಟ ನೊರೆ. ಅಂಗಡಿ ಇಟ್ಟಿದ್ರೆ ನಿನಗೆ ಲೈಸೆನ್ಸೇ ಕೊಡ್ತಿರಲಿಲ್ಲ" ಎಂದರು.

ಒಂದು ಆಶಾಕಿರಣವಿದೆ. ಬಾವಮೈದ ಒಂದು ಹಿರಿಯರ ವಸತಿಗೃಹವನ್ನು ಗೊತ್ತುಮಾಡಿದ್ದಾನೆ. (ದೂರದಲ್ಲಿರುವ ಮಗನಿಗೆ ಅಪ್ಪನ ಬಗ್ಗೆ ಇರುವಷ್ಟು ಖಚಿತ ಅಭಿಪ್ರಾಯ ಹತ್ತಿರವಿದ್ದವರಿಗೆ ಇರುವುದಿಲ್ಲ.) ಅಲ್ಲಿ ಎರಡು ಭಾಗಗಳಂತೆ. ಬುದ್ಧಿ ನೆಟ್ಟಗಿದ್ದವರಿಗೆ ತೋಟದ ಕಡೆ, ಅರಳುಮರಳಾದವರಿಗೆ ಹೊರಗಿನಿಂದ ಚಿಲಕ ಹಾಕುವ ಕಡೆ. ಅಕ್ಟೋಬರ್ ಮೊದಲಲ್ಲಿ ಮೇಲ್ವಿಚಾರಕಿ ಮನೆಗೇ ಬಂದು ಮಾತಾಡಿಸಿ ಯಾವ ಕಡೆ ಎಂದು ತೀರ್ಮಾನಿಸುತ್ತಾರೆ. ಹೆಂಡತಿಗೆ ಮನಸ್ಸಿಲ್ಲ. ನನಗೆ ಎರಡೂ ಕಡೆ ಸಮ್ಮತ.

ಸೆಪ್ಟೆಂಬರ್ ೫, ಗುರುವಾರ

ಸಾಹಿತ್ಯದಲ್ಲಿ ಎಂ.ಎ. ಮಾಡಿ ಲಿವರ್‌ನಲ್ಲಿ ನಿಂತಿದ್ದೇನೆ. ಇದನ್ನು ಬೇರೆಯವರು ಹೇಳಿದರೆ ಪಿತ್ತ ನೆತ್ತಿಗೇರುತ್ತದೆ. ನಾನೇ ಬರೆದುಕೊಂಡರೆ ನಗು ಬರುತ್ತದೆ.

ನಮ್ಮ 'ದೇಹಯಾತ್ರೆ' ವಿಭಾಗದಲ್ಲಿ ಜನರೇ ಮಾತ್ರೆಗಳು. ತಲೆಗೆ ಹಳದಿ ಕಾಗದದ ಟೋಪಿ ಹಾಕಿಕೊಂಡು ದೈತ್ಯಾಕಾರದ ಬಾಯಿಯಿಂದ ಒಳಗೆ ಬರುತ್ತಾರೆ. ಬಾಯಿಯ ಅಧಿಕಾರ ಸೀಟಿ ಮೇಡಂ ಅವರದು. ಅವರು ಸೀಟಿ ಊದಿದರೆ ಒಂದು ತಂಡ ಒಳಗೆ, ಮತ್ತೆ ಊದಿದರೆ ಮತ್ತೊಂದು. ಭೂಕಂಪವಾದರೂ ಸೀಟಿ ತಪ್ಪುವುದಿಲ್ಲ. ಗಂಟಲ ಜಾರುಬಂಡೆ ಇಳಿದು, ಗುಡುಗುಡು ಎನ್ನುವ ಹೊಟ್ಟೆಯನ್ನು ದಾಟಿ, ಕರುಳಿನ ಓಣಿ ಸುತ್ತಿ ಬಂದವರು ನನ್ನ ಕಿಟಕಿಗೆ ಬರಬೇಕು.

"ಇದು ಲಿವರ್ ಕಚೇರಿ. ಕರುಳು ಹೀರಿಕೊಂಡದ್ದು ಊರೆಲ್ಲ ಸುತ್ತುವ ಮುಂಚೆ ಇಲ್ಲಿ ಹಾಜರಾಗಬೇಕು. ಕಚೇರಿಗೆ ಹೋದ ಮನುಷ್ಯ ಹೊರಗೆ ಬರುವಾಗ ಅರ್ಧ ಸವೆದಿರುತ್ತಾನೆ, ಮಾತ್ರೆಯೂ ಅಷ್ಟೆ" ಎಂದು ಕತ್ತರಿಯಿಂದ ಕೆಲವರ ಟೋಪಿ ಕತ್ತರಿಸುತ್ತೇನೆ. ಟೋಪಿ ಉಳಿದವರು ರಕ್ತದ ಮೊಗಸಾಲೆಗೆ ಹೋಗಿ ಸುತ್ತುತ್ತಾರೆ. ಅಲ್ಲಿ ಮೆತ್ತೆ ಹಾಸಿದ ಕೊಬ್ಬಿನ ಕೋಣೆಯಿದೆ. ಕೆಲವು ಮಾತ್ರೆಗಳು ಕೊಬ್ಬಿನಲ್ಲಿ ಕೂತರೆ ಏಳುವುದಿಲ್ಲ, ನಮ್ಮ ಕೆಲವು ಸಿಬ್ಬಂದಿಯೂ ಅಲ್ಲೇ ಸಿಗುತ್ತಾರೆ. ಪುಟ್ಟ ದೀಪಗಳು ಮಿನುಗುವ ಮಿದುಳಿನ ಕೋಣೆಯಿದೆ. ಸುತ್ತು ಸುತ್ತಿಗೂ ಒಂದಿಷ್ಟು ಜನ ಮೂತ್ರಪಿಂಡದ ತಿರುಗುಬಾಗಿಲುಗಳಿಂದ ಹೊರಬೀಳುತ್ತಾರೆ. ಎಡಕ್ಕೊಂದು ಬಾಗಿಲು, ಬಲಕ್ಕೊಂದು. ಹೊರಗೆ ಎದುರಿಗೇ ಶೌಚಾಲಯ. ಯಾತ್ರೆಗೆ ಇದಕ್ಕಿಂತ ತರ್ಕಬದ್ಧವಾದ ಮುಕ್ತಾಯ ಯಾವ ಶಾಸ್ತ್ರದಲ್ಲೂ ಇಲ್ಲ.

ಇವತ್ತು ಒಬ್ಬ ಗಣ್ಯರು ಬಂದರು. ಬಗ್ಗಿ ಬಾಯಿಯೊಳಗೆ ಹೋಗುವುದು ಅವರ ಘನತೆಗೂ ಸೊಂಟಕ್ಕೂ ಒಗ್ಗಲಿಲ್ಲ. ನಿರ್ದೇಶಕರು ಓಡಿ ಬಂದರು. "ಇವರನ್ನ ನೇರ ರಕ್ತಕ್ಕೆ ಬಿಟ್ಬಿಡಿ."

ಪಕ್ಕದ ಬಾಗಿಲು ತೆಗೆದೆ. "ಇದಕ್ಕೆ ಇಂಜೆಕ್ಷನ್ ಅಂತಾರೆ ಸಾರ್. ಲಿವರ್‌ನ ಮೊದಲ ತಪಾಸಣೆ ಇಲ್ಲ, ಕತ್ತರಿ ಇಲ್ಲ, ಪೂರ್ತಿ ಬಲದ ಜೊತೆ ರಕ್ತ ಸೇರ್ತೀರಿ."

ಅವರಿಗೆ ಬಹಳ ಸಂತೋಷವಾಯಿತು. ಕೊನೆಗೆ ಎಲ್ಲರ ಜೊತೆ ತಿರುಗುಬಾಗಿಲಿನಲ್ಲಿ ಸಿಕ್ಕಿ ಶೌಚಾಲಯದ ಮುಂದೆ ಬಿದ್ದಾಗ ಮಾತ್ರ ಮುಖ ಚಿಕ್ಕದಾಯಿತು. "ಬರೋ ದಾರಿ ಬೇರೆ ಬೇರೆ ಸಾರ್, ಹೋಗೋದು ಹೀಗೇ" ಎಂದೆ.

ಸಂಜೆ ಹೆಂಡತಿಗೆ ಹೇಳಿದೆ. ಅವಳು ಕಿವಿಯಂತ್ರದ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಹಗಲೆಲ್ಲ ಜಗತ್ತಿಗೆ ಕೇಳಿಸುವಂತೆ ಮಾಡಿ ಬಂದವಳಿಗೆ ನನ್ನದೊಂದು ಕೇಳಿಸುವುದಿಲ್ಲ.

"ಏನೋ ಅಂದ್ರಲ್ಲ?"

"ಏನಿಲ್ಲ."

ಸೆಪ್ಟೆಂಬರ್ ೮, ಭಾನುವಾರ

ಐತಿಹಾಸಿಕ ದಿನ. ಅವಳಪ್ಪ ನಕ್ಕರು.

ಊಟವಾದ ಮೇಲೆ ಮಾತ್ರೆ ಕೊಡಲು ಹೋಗಿದ್ದೆ. ಸುಮ್ಮನೆ ನಿಲ್ಲಲಾರದೆ ಗಣ್ಯರ ಇಂಜೆಕ್ಷನ್ ಪ್ರಸಂಗ ಹೇಳಿದೆ. ಹೇಳುವಾಗಲೇ ತೂಕದ ಕಲ್ಲನ್ನು ಎದುರಿಸಲು ಸಿದ್ಧನಾಗಿದ್ದೆ. ಅವರು ದಿಂಬಿಗೆ ಒರಗಿ ಅರೆಗಣ್ಣಿನಲ್ಲಿ ನನ್ನನ್ನೇ ನೋಡಿದರು. ಆಮೇಲೆ "ಹ್ಹ, ಹ್ಹ, ಹ್ಹ" ಎಂದು ನಿಧಾನವಾಗಿ, ಒಂದೊಂದನ್ನೂ ತೂಗಿ ಇಟ್ಟಂತೆ ನಕ್ಕರು.

ಹೆಂಡತಿಯನ್ನು ಕೂಗಿ ಕರೆದೆ. ಅವಳು ಬರುವಷ್ಟರಲ್ಲಿ ಅವರು ನಿದ್ದೆ ಹೋಗಿದ್ದರು.

"ನಿಮ್ಮಪ್ಪ ನಕ್ರು."

"ಕನಸು ಬಿದ್ದಿರಬೇಕು" ಎಂದಳು. ಯಾರಿಗೆ ಎಂದು ಹೇಳಲಿಲ್ಲ.

ಸೆಪ್ಟೆಂಬರ್ ೧೧, ಬುಧವಾರ

ಮತ್ತೆ ನಕ್ಕರು. ತೂಕದ ಇನ್‌ಸ್ಪೆಕ್ಟರು ಈಗ ತೂಕಡಿಕೆಯ ಇನ್‌ಸ್ಪೆಕ್ಟರು ಎಂದು ಅವರ ಮುಂದೆಯೇ ಅಂದೆ. ಅದಕ್ಕೂ ನಕ್ಕರು! ಒಂದು ತಿಂಗಳ ಹಿಂದೆ ಅಂದಿದ್ದರೆ ನನ್ನ ಪದವಿ ಪ್ರಮಾಣಪತ್ರ ಕೇಳುತ್ತಿದ್ದರು.

ಹೆಂಡತಿಗೆ ಚಿಂತೆ. ಬೆಳಿಗ್ಗೆ ಅವರು ಅಂಗಿಯ ತೋಳಿಗೆ ಕಾಲು ತೂರಿಸುತ್ತಿದ್ದರಂತೆ. ನಡೆಯುವಾಗ ಗೋಡೆ ಹಿಡಿಯುತ್ತಾರಂತೆ. ಬಾವಮೈದ ಫೋನಿನಲ್ಲಿ, "ಅರಳುಮರಳು ಕಣೇ, ವಯಸ್ಸಾಯ್ತಲ್ಲ. ಚಿಲಕದ ಕಡೆಗೇ ಹೇಳ್ಬಿಡೋಣ" ಎಂದು ತೀರ್ಪು ಕೊಟ್ಟ. ಅವಳು ಅತ್ತಳು.

ನನಗೆ ಹಾಗನ್ನಿಸುವುದಿಲ್ಲ. ಹಣ್ಣಾದ ಮೇಲೆ ಹುಳಿ ಹೋಗುವುದು ಪ್ರಕೃತಿ ನಿಯಮ. ಮನುಷ್ಯನಿಗೆ ಹಾಸ್ಯಪ್ರಜ್ಞೆ ತಡವಾಗಿ ಬಂದರೆ ಅದನ್ನು ಕಾಯಿಲೆ ಎನ್ನಬಾರದು.

ಸೆಪ್ಟೆಂಬರ್ ೧೪, ಶನಿವಾರ

ಇವತ್ತಿನ ಮಾತನ್ನು ಬರೆದಿಡದಿದ್ದರೆ ನಾಳೆ ನಾನೇ ನಂಬುವುದಿಲ್ಲ.

ದೇಹಯಾತ್ರೆಗೆ ಹೊಸ ವ್ಯಾಖ್ಯಾನ ಬರೆಯುತ್ತಿದ್ದೇನೆ. ನಿರ್ದೇಶಕರಿಗೆ ಹಳೆಯದು ಸಾಕಾಗಿದೆಯಂತೆ. ಸಂಜೆ ಬಂದವನೇ ಮಾವನ ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಅರ್ಧಾಯುವಿನ ಭಾಗ ಓದಿದೆ. "ಮಾತ್ರೆ ಒಂದೇ ಸಲ ದೇಹ ಬಿಟ್ಟು ಹೋಗುವುದಿಲ್ಲ. ಮೊದಲು ಅರ್ಧ ಹೋಗುತ್ತದೆ. ಆಮೇಲೆ ಉಳಿದ ಅರ್ಧದಲ್ಲಿ ಅರ್ಧ. ಆಮೇಲೆ ಅದರಲ್ಲರ್ಧ. ಮದುವೆ ಮನೆಯ ನೆಂಟರಂತೆ. ಹೊರಟೆವು ಎಂದು ಎದ್ದವರಲ್ಲಿ ಅರ್ಧ ಜನ ಬಾಗಿಲಲ್ಲಿ ನಿಂತು ಮಾತಾಡುತ್ತಿರುತ್ತಾರೆ. ಮೊದಲಿನವರು ಹೋಗಿ ಮುಗಿಯುವಷ್ಟರಲ್ಲಿ ಹೊಸ ನೆಂಟರು ಬಂದರೆ ಮನೆ ಯಾವತ್ತೂ ಖಾಲಿಯಾಗುವುದಿಲ್ಲ."

"ಹ್ಹ, ಹ್ಹ, ಹ್ಹ."

"ಚೆನ್ನಾಗಿದೆಯಾ?"

ಮಾವ ನನ್ನ ಕೈ ಹಿಡಿದರು. ನಾಲಿಗೆ ಸ್ವಲ್ಪ ತೊದಲುತ್ತಿತ್ತು. "ನೀನು ಒಳ್ಳೇವ್ನಪ್ಪಾ. ನನ್ನ ಮಗಳು... ತೂಕ ನೋಡೇ ತಂದಿದಾಳೆ."

ಹೊರಗೆ ಬಂದು ಹೆಂಡತಿಗೆ ಹೇಳಿದೆ. ಅವಳು ನನ್ನನ್ನು ದೀರ್ಘವಾಗಿ ನೋಡಿ, "ಅಪ್ಪನಿಗೆ ಖಂಡಿತ ಏನೋ ಆಗಿದೆ" ಎಂದಳು.

ವಸತಿಗೃಹದ ಮಾತು ಸದ್ಯಕ್ಕೆ ಬೇಡ ಎಂದು ನಾನೇ ಬಾವಮೈದನಿಗೆ ಹೇಳಿದೆ. ಇಂಥ ಶ್ರೋತೃ ಯಾರಿಗೆ ಸಿಗುತ್ತಾನೆ? ಅವನು ಕೇಳಬೇಕಲ್ಲ: ಮೇಲ್ವಿಚಾರಕಿ ಬಂದೇ ಬರುತ್ತಾರೆ, ಬುದ್ಧಿ ನೆಟ್ಟಗಿಲ್ಲವೆಂದಾದರೆ ತಾನೇ ಬಂದು ಸಹಿ ಹಾಕುತ್ತೇನೆ ಎಂದ.

ಇನ್ನೊಂದು: ಸಂಗ್ರಹಾಲಯದಲ್ಲಿ ಎಡ ಮೂತ್ರಪಿಂಡದ ಬಾಗಿಲು ಕೆಟ್ಟಿದೆ, ಬೀಗ ಹಾಕಿದ್ದಾರೆ. ಬಲಗಡೆಯದೂ ಬಿಗಿಯಾಗಿದೆ, ನೂಕಬೇಕು. ಬಡಗಿ 'ನೋಡೋಣ' ಎಂದಿದ್ದಾನೆ. ನೋಡುವುದಕ್ಕೆ ಅವನಿಗೆ ಅಪಾರ ಶ್ರದ್ಧೆ.

ಸೆಪ್ಟೆಂಬರ್ ೧೯, ಗುರುವಾರ

ದೇಹ ಇವತ್ತು ಕಟ್ಟಿಕೊಂಡಿತು.

ಶಾಲೆಗಳ ಪ್ರವಾಸದ ದಿನ. ಬಾಯಿಯಲ್ಲಿ ಸೀಟಿ ಮೇಡಂ ಎಂದಿನಂತೆ ಊದುತ್ತಿದ್ದರು, ತಂಡದ ಹಿಂದೆ ತಂಡ. ಹೊರಗೆ ಹೋಗಲು ಉಳಿದದ್ದು ಒಂದೇ ಬಾಗಿಲು, ಅದೂ ತಿಣುಕಿ ತಿಣುಕಿ ತಿರುಗುವುದು. ಮೊದಲು ಯಾರಿಗೂ ಗೊತ್ತಾಗಲಿಲ್ಲ. ಮೊಗಸಾಲೆಯಲ್ಲಿ ಎಂದಿಗಿಂತ ಸ್ವಲ್ಪ ಗದ್ದಲ, ಅಷ್ಟೆ. ಆಮೇಲೆ ಕೊಬ್ಬಿನ ಕೋಣೆ ತುಂಬಿತು. ಆಮೇಲೆ ಜನ ಗೋಡೆಗೆ ಒತ್ತಿಕೊಂಡು ನಿಂತರು. ನಾನು ಫೋನು ತೆಗೆದು ಕೂಗಿದೆ.

"ಮೇಡಂ, ಬಿಡೋದು ನಿಲ್ಸಿ! ಒಳಗೆ ಉಸಿರಾಡೋಕೆ ಜಾಗ ಇಲ್ಲ!"

"ಪಟ್ಟಿ ಪ್ರಕಾರವೇ ಬಿಡ್ತಿದೀನಲ್ಲ ಸಾರ್. ಒಂದು ತಂಡ ಜಾಸ್ತಿ ಬಿಟ್ಟಿದ್ರೆ ಹೇಳಿ."

"ಜಾಸ್ತಿ ಬಿಟ್ಟಿಲ್ಲ ಮೇಡಂ. ಹೊರಗೆ ಹೋಗ್ತಿಲ್ಲ!"

"ಹೊರಗೆ ಹೋಗೋದು ನನ್ನ ವಿಭಾಗ ಅಲ್ಲ" ಎಂದು ಮತ್ತೆ ಸೀಟಿ ಊದಿದರು. ಫೋನಿನಲ್ಲೇ ಕೇಳಿಸಿತು.

ನೂಕಾಟದಲ್ಲಿ ನಾನು ಲಿವರ್‌ನಿಂದ ಕಿತ್ತುಹೋಗಿ ಮಿದುಳಿನ ಕೋಣೆಗೆ ಬಿದ್ದೆ. ಅಲ್ಲಿಗೆ ಸಾಮಾನ್ಯವಾಗಿ ನಾಲ್ಕಾರು ಜನ ಇಣುಕಿ ಹೋಗುತ್ತಾರೆ. ಇವತ್ತು ಹಳದಿ ಟೋಪಿಗಳ ಸಂತೆ. ಬೆನ್ನು ಒರಗಿಸಿ ಒರಗಿಸಿ ಗೋಡೆಯ ಸ್ವಿಚ್ಚುಗಳೆಲ್ಲ ಒತ್ತಿಹೋಗಿ, ಮಿನುಗುತ್ತಿದ್ದ ಪುಟ್ಟ ದೀಪಗಳು ಒಂದೊಂದಾಗಿ ಆರುತ್ತಿದ್ದವು. ಯಾರೂ ತುಂಟತನ ಮಾಡಲಿಲ್ಲ, ಯಾರೂ ಏನನ್ನೂ ಒಡೆಯಲಿಲ್ಲ. ಬಂದವರು ಹೋಗಲಾರದೆ ನಿಂತಿದ್ದರು, ಅಷ್ಟರಿಂದಲೇ ಕತ್ತಲಾಯಿತು.

ಆ ಕತ್ತಲಲ್ಲಿ, ಯಾರದೋ ಟೋಪಿ ನನ್ನ ಮೂಗಿಗೆ ಚುಚ್ಚುತ್ತಿದ್ದಾಗ, ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂದು ನಾನೇ ತಪ್ಪದೆ ಕೊಡುತ್ತಿರುವ ಮಾತ್ರೆಯ ನೆನಪಾಯಿತು.

ಕೊನೆಗೆ ಇಂಜೆಕ್ಷನ್ ಬಾಗಿಲಿನಿಂದ ಜನರನ್ನು ಹೊರಗೆ ಬಿಟ್ಟೆವು. ವೈದ್ಯಶಾಸ್ತ್ರದಲ್ಲಿ ಇದಕ್ಕೆ ಏನನ್ನುತ್ತಾರೋ ತಿಳಿಯದು. ನಿರ್ದೇಶಕರು ಸಭೆ ಕರೆದರು. ಬಾಯಿಯವರು ಕರುಳಿನ ಕಡೆ, ಕರುಳಿನವರು ನನ್ನ ಕಡೆ, ನಾನು ಬಡಗಿಯ ಕಡೆ ಬೆರಳು ತೋರಿಸಿದೆವು. ಬಡಗಿ ಸಭೆಗೆ ಬಂದಿರಲಿಲ್ಲವಾದ್ದರಿಂದ ತಪ್ಪು ಅವನದೆಂದು ಒಮ್ಮತದಿಂದ ತೀರ್ಮಾನವಾಯಿತು. 'ದೇಹ ದುರಸ್ತಿಯಲ್ಲಿದೆ' ಎಂದು ಹಲಗೆ ಹಾಕಿದ್ದಾರೆ.

ನಾಳೆ ವೈದ್ಯೆಗೆ ಫೋನ್ ಮಾಡಬೇಕು.

ಸೆಪ್ಟೆಂಬರ್ ೨೦, ಶುಕ್ರವಾರ

ವೈದ್ಯೆಗೆ ಬೆಳಿಗ್ಗೆ ಬಿಡುವಿರುವುದಿಲ್ಲ, ಸಂಜೆ ನನಗೆ. ಮೇಲಾಗಿ ಹೊಸ ವ್ಯಾಖ್ಯಾನದ ಕೊನೆಯ ಭಾಗ ಬಾಕಿಯಿತ್ತು. ಮಾವನಿಗೆ ಓದಿ ತೋರಿಸಿದೆ. ಮಗುವಿನ ಹಾಗೆ ನಕ್ಕರು. ಇಷ್ಟು ಚೆನ್ನಾಗಿ ನಗುವವರನ್ನು ಕಾಯಿಲೆಯವರೆಂದು ಹೇಗೆ ಹೇಳಲಿ? ಮಾತ್ರೆ ಕಡಿಮೆ ಮಾಡಿದರೆ ನೋವು ಮರಳುತ್ತದೆ. ಇನ್ನೊಬ್ಬರಿಗೆ ನೋವು ಹಿಂದಿರುಗಿಸುವ ಹಕ್ಕು ನನಗಿಲ್ಲ.

(ಕೊನೆಯ ವಾಕ್ಯ ಚೆನ್ನಾಗಿ ಬಂದಿದೆ. ಎರಡು ಸಲ ಓದಿಕೊಂಡೆ.)

ನೀರು ಕೊಟ್ಟರೆ ಕುಡಿಯುವುದಿಲ್ಲ, ಮತ್ತೆ ಎದ್ದು ಬಚ್ಚಲಿಗೆ ಹೋಗಬೇಕಲ್ಲ ಎಂಬ ಸೋಮಾರಿತನ. ವಯಸ್ಸಾದವರು.

ಸೋಮವಾರ ಹೇಗೂ ರಜೆ. ಆಗ ನೋಡೋಣ.

ಸೆಪ್ಟೆಂಬರ್ ೨೨, ಭಾನುವಾರ

ಬೆಳಿಗ್ಗೆ ಮಾವನ ಹಳೆಯ ಗೆಳೆಯನ ಮಗಳಿಂದ ಫೋನ್ ಬಂತು. ಆ ಗೆಳೆಯರನ್ನು ಇಲಾಖೆಯಲ್ಲಿ ಎಲ್ಲರೂ ಪಾವು ಎನ್ನುತ್ತಿದ್ದರಂತೆ, ಅಷ್ಟು ಕುಳ್ಳಗೆ. ಮಾವನೂ ಅವರೂ ಒಂದೇ ಜೀಪಿನಲ್ಲಿ ಅರ್ಧ ಆಯುಷ್ಯ ಓಡಾಡಿದವರು. ಮಾವ ಯಾರನ್ನಾದರೂ ಹೊಗಳಿದ್ದನ್ನು ನಾನು ಕೇಳಿದ್ದರೆ ಅದು ಪಾವನ್ನು ಮಾತ್ರ. ನಿನ್ನೆ ತೀರಿಕೊಂಡರಂತೆ.

ಹೆಂಡತಿ ಅಂಗಡಿಗೆ ಹೋಗಿದ್ದಳು. ದೇಹದ ದುರಸ್ತಿ ಮುಗಿಯುವವರೆಗೆ ನಿನ್ನೆಯಿಂದ ನನಗೆ ರಜೆ. ನಾನೇ ಹೇಳಬೇಕಾಯಿತು. ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕೂತೆ. "ಮಾವ, ಪಾವು ಹೋಗಿಬಿಟ್ರಂತೆ" ಎಂದೆ.

ಅರೆಗಣ್ಣಿನಲ್ಲಿ ನನ್ನನ್ನೇ ನೋಡಿದರು.

"ಹ್ಹ, ಹ್ಹ, ಹ್ಹ."

ಕೇಳಿಸಲಿಲ್ಲವೇನೋ ಎಂದು ಮತ್ತೆ ಹೇಳಿದೆ. ಮತ್ತೆ ನಕ್ಕರು. ಅದೇ ನಗು. ಗಣ್ಯರಿಗೆ ನಕ್ಕದ್ದು, ತೂಕಡಿಕೆಗೆ ನಕ್ಕದ್ದು, ಮದುವೆ ಮನೆಯ ನೆಂಟರಿಗೆ ನಕ್ಕದ್ದು. ಕುರ್ಚಿ ಎಳೆದುಕೊಂಡು ಕೂತವನು ಏನು ಹೇಳಿದರೂ ಅದು.

ಮಧ್ಯಾಹ್ನದ ಮಾತ್ರೆ ಕೊಡಲಿಲ್ಲ. ವೈದ್ಯೆಗೆ ಫೋನ್ ಮಾಡಿದೆ. ಭಾನುವಾರವೂ ಎತ್ತಿದರು. ನಾಳೆ ಬೆಳಿಗ್ಗೆಯೇ ಕರೆತರಲು ಹೇಳಿದರು.

ಸೆಪ್ಟೆಂಬರ್ ೨೩, ಸೋಮವಾರ

ವೈದ್ಯೆ ಮಾವನನ್ನು ಪರೀಕ್ಷಿಸಿ, ಕೈ ಚಾಚಿ ಹಿಡಿಯಲು ಹೇಳಿ, ಅವು ಪಟಪಟ ಅದುರುವುದನ್ನು ನೋಡಿ, ರಕ್ತ ತೆಗೆಸಿದರು. ವರದಿ ಬರುವವರೆಗೆ ನಾವು ಹೊರಗಿನ ಬೆಂಚಿನಲ್ಲಿ ಕೂತೆವು. ಮಾವ ಹೆಂಡತಿಯ ಭುಜದ ಮೇಲೆ ನಿದ್ದೆಹೋದರು.

"ಇವರ ಕಿಡ್ನಿ ವಯಸ್ಸಿಗೆ ತಕ್ಕಂತೆ ಮೊದಲೇ ನಿಧಾನ ಆಗಿತ್ತು. ಮಾತ್ರೆ ಹೆಚ್ಚಿಸೋ ಮುಂಚೆ ರಕ್ತ ನೋಡ್ಬೇಕಿತ್ತು, ಅದು ನನ್ನ ತಪ್ಪು" ಎಂದರು ವೈದ್ಯೆ. ಇಷ್ಟು ನೇರವಾಗಿ ತಪ್ಪು ಒಪ್ಪಿಕೊಳ್ಳುವವರನ್ನು ನಮ್ಮ ಸಭೆಗೆ ಒಮ್ಮೆ ಕರೆಸಬೇಕು. "ಅದರ ಮೇಲೆ ನೀರೂ ಸರಿಯಾಗಿ ಕುಡಿದಿಲ್ಲ. ಮಾತ್ರೆ ಹೊರಗೆ ಹೋಗದೆ ಒಳಗೇ ಸೇರಿಕೊಂಡಿದೆ."

"ಲಿವರ್ ಸ್ವಲ್ಪ ನೋಡ್ಕೋಬಹುದಿತ್ತಲ್ಲ ಡಾಕ್ಟ್ರೇ?" ಎಂದೆ. ಸ್ವಂತ ಇಲಾಖೆಯ ಅಭಿಮಾನ.

"ಎಲ್ಲಾ ಮಾತ್ರೆಗಳೂ ಲಿವರ್ ಮಾತು ಕೇಳಲ್ಲ. ಇದು ಬಂದ ಹಾಗೇ, ಬಟ್ಟೆ ಕೂಡ ಬದಲಾಯಿಸದೆ ಕಿಡ್ನಿಯಿಂದ ಹೋಗೋ ಜಾತಿ. ಆ ಬಾಗಿಲು ನಿಧಾನ ಆದ್ರೆ ಇದಕ್ಕೆ ಬೇರೆ ದಾರಿ ಇಲ್ಲ. ಗಂಟೆಗಳಲ್ಲಿ ಅರ್ಧ ಆಗ್ಬೇಕಾದ್ದು ದಿನಗಟ್ಟಲೆ ಹಾಗೇ ಕೂತಿರುತ್ತೆ. ನಾವು ಮೇಲಿಂದ ಮೇಲೆ ಕೊಡ್ತಾನೇ ಇರ್ತೀವಿ."

ಒಂದೇ ಸಲ ನಿಲ್ಲಿಸುವಂತಿಲ್ಲ, ಮೈ ತಿರುಗಿಬೀಳುತ್ತದೆ. ಹಂತ ಹಂತವಾಗಿ ಇಳಿಸಿ, ಕಿಡ್ನಿ ಹೊರುವಷ್ಟೇ ಕೊಡಬೇಕು. ಗುರುವಿಗೆ ಎರಡು ಮಾತ್ರೆ, ಲಘುವಿಗೆ ಒಂದು ಎಂದು ಛಂದಸ್ಸಿನ ತರಗತಿಯಲ್ಲಿ ಓದಿದ್ದೆ. ಮಾವ ಇನ್ನು ಮೇಲೆ ಲಘು. ಹೇಳಬೇಕೆನ್ನಿಸಿತು. ಹೇಳಲಿಲ್ಲ.

"ಎಷ್ಟು ದಿನದಿಂದ ಹೀಗೆ?"

ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ಹೆಂಡತಿ ಹೇಳಿದಳು.

"ಅಷ್ಟು ದಿನ ಯಾಕೆ ಕರ್ಕೊಂಡು ಬರ್ಲಿಲ್ಲ?"

"ಖುಷಿಯಾಗಿದ್ರು ಡಾಕ್ಟ್ರೇ" ಎಂದೆ.

"ಯಾರು?" ಎಂದರು ವೈದ್ಯೆ, ಬರೆಯುವುದನ್ನು ನಿಲ್ಲಿಸದೆ.

ಸೆಪ್ಟೆಂಬರ್ ೨೭, ಶುಕ್ರವಾರ

ನೀರು ಕುಡಿಸುವುದೇ ಒಂದು ಯುದ್ಧ. ಲೋಟ ಹಿಡಿದು ಹಿಂದೆ ಹಿಂದೆ ಅಲೆಯುತ್ತೇನೆ. ಬಚ್ಚಲಿಗೆ ಕೈ ಹಿಡಿದು ಕರೆದೊಯ್ಯುತ್ತೇನೆ, ಬಾಗಿಲಲ್ಲಿ ಕಾಯುತ್ತೇನೆ. ಪ್ರತಿ ಸಲ ಹೊರಬಂದಾಗ ಮನಸ್ಸಿನಲ್ಲೇ ಚಪ್ಪಾಳೆ.

ನೋವು ಮರಳಿದೆ. ಪೂರ್ತಿಯಲ್ಲ, ಬೆಳಿಗ್ಗೆ ಹೊತ್ತು ಪಕ್ಕೆ ಹಿಡಿದುಕೊಂಡು ಹಲ್ಲು ಕಚ್ಚುತ್ತಾರೆ. ನೋಡಲಾಗುವುದಿಲ್ಲ. ಅಂಗಿ ಮುಟ್ಟಿದರೂ ಉರಿಯುತ್ತದಂತೆ. ನನ್ನ ಹಳೆಯ ಮೆತ್ತನೆಯ ಬನಿಯನ್ನುಗಳನ್ನು ಕೊಟ್ಟೆ.

"ಇದರಲ್ಲಿ ಇನ್ನೊಬ್ಬ ಹಿಡಿಸ್ತಾನೆ" ಎಂದರು.

ಕೈಯಲ್ಲಿದ್ದ ಲೋಟ ಅಲ್ಲೇ ಇಟ್ಟು ಹೆಂಡತಿಯ ಅಂಗಡಿಗೆ ಫೋನ್ ಮಾಡಿದೆ. "ನಿಮ್ಮಪ್ಪ ನನ್ನನ್ನ ದಪ್ಪ ಅಂದ್ರು ಕಣೇ!"

ಅವಳು ಮತ್ತೆ ಅತ್ತಳು. ಆ ಕಡೆಯಿಂದ ಯಾರೋ ಗಿರಾಕಿ, "ಮೇಡಂ, ಯಂತ್ರದಲ್ಲಿ ಯಾರೋ ಅಳೋದು ಕೇಳಿಸ್ತಿದೆ" ಎಂದದ್ದು ಕೇಳಿಸಿತು.

ಅಕ್ಟೋಬರ್ ೧, ಮಂಗಳವಾರ

ಸಂಜೆ ಮಾವ ಕಿಟಕಿಯ ಪಕ್ಕ ಕೂತಿದ್ದರು. ಕಣ್ಣು ಪೂರ್ತಿ ತೆರೆದಿತ್ತು.

"ಪಾವು ಫೋನೇ ಮಾಡಿಲ್ವಲ್ಲ. ನಾನು ಸತ್ತೆ ಅಂದ್ಕೊಂಡಿದಾನೋ ಹೇಗೆ?"

ಕುರ್ಚಿ ಎಳೆಯಲಿಲ್ಲ. ನಿಂತುಕೊಂಡೇ ಹೇಳಿದೆ.

ಅವರ ಕೈ ಮೊಣಕಾಲ ಮೇಲೆ ಇತ್ತು, ಅದುರುತ್ತಿರಲಿಲ್ಲ.

"ಯಾವಾಗ?"

"ಹತ್ತು ದಿನ ಆಯ್ತು."

"ನನಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ದೆ ಮಾವ. ನಿಮಗೆ ಮೈ ಸರಿ ಇರ್ಲಿಲ್ಲ."

"ಹೇಳಿದ್ಯಾ?" ತಿರುಗಿ ನನ್ನನ್ನು ನೋಡಿದರು. ಅಂಗಡಿಯವರು ಯಾಕೆ ಹೆದರುತ್ತಿದ್ದರು ಎಂದು ಆಗ ತಿಳಿಯಿತು. "ಏನಂದೆ ನಾನು?"

"ಏನೂ ಅನ್ನಲಿಲ್ಲ. ಸುಮ್ನೆ ಕೂತಿದ್ರಿ."

ತಲೆಯಾಡಿಸಿದರು. ಆಮೇಲೆ ಮುಖವನ್ನು ಕಿಟಕಿಗೆ ತಿರುಗಿಸಿದರು. ಭುಜ ಮಾತ್ರ ಕಾಣುತ್ತಿತ್ತು. ದೀಪ ಹಾಕಲು ಹೋಗಿದ್ದವನು ಹಾಕಲಿಲ್ಲ. ಹೆಂಡತಿ ಬರುವವರೆಗೂ ಅಲ್ಲೇ ನಿಂತಿದ್ದೆ.

ಅಕ್ಟೋಬರ್ ೫, ಶನಿವಾರ

ಮೇಲ್ವಿಚಾರಕಿ ಬಂದರು. ಬಾವಮೈದನೂ ಸಹಿ ಹಾಕುವ ಪೆನ್ನು ಜೇಬಿಗೆ ಸಿಕ್ಕಿಸಿಕೊಂಡು ಬಂದಿದ್ದ.

"ಅಜ್ಜಾ, ಇವತ್ತು ಯಾವ ವಾರ ಹೇಳಿ ನೋಡೋಣ?" ಎಂದರು ಮೇಲ್ವಿಚಾರಕಿ, ಶಿಶುವಿಹಾರದ ದನಿಯಲ್ಲಿ.

"ಶನಿವಾರ. ನಿಮ್ಮ ಗಡಿಯಾರ ನಿಂತಿದೆ, ನೋಡ್ಕೊಳ್ಳಿ" ಎಂದರು ಮಾವ.

ಆಕೆ ಗಡಿಯಾರ ನೋಡಿಕೊಂಡರು. ಅಲ್ಲಿಂದ ಪ್ರಶ್ನೆಗಳೆಲ್ಲ ಮಾವನದೇ ಆದವು. ಅಲ್ಲಿ ಊಟ ಬಡಿಸುವವರು ಯಾರು, ಸೌಟು ಎಷ್ಟು ದೊಡ್ಡದು, ಮಾತ್ರೆ ಕೊಡುವ ಮುಂಚೆ ರಕ್ತ ನೋಡುತ್ತಾರೋ ಇಲ್ಲವೋ, ನೋಡದಿದ್ದರೆ ಯಾಕೆ. ಆಕೆ ಉತ್ತರಿಸುತ್ತ ಉತ್ತರಿಸುತ್ತ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತರು. ಬಾವಮೈದ ಪೆನ್ನನ್ನು ಜೇಬಿನ ಒಳಗೆ ತಳ್ಳಿದ.

"ಇವರಿಗೆ ಚಿಲಕದ ಕಡೆ ಪ್ರಶ್ನೆಯೇ ಇಲ್ಲ" ಎಂದರು ಆಕೆ ಕೊನೆಗೆ. "ತೋಟದ ಕಡೆ ಒಂದು ಒ‌ಳ್ಳೇ ಕೋಣೆ ಖಾಲಿ ಇದೆ. ಇವರ ವಯಸ್ಸಿನವರು ಸುಮಾರು ಜನ ಇದ್ದಾರೆ, ಇಸ್ಪೀಟು ಆಡ್ತಾರೆ. ಬರ್ತೀರಾ ಸಾರ್?" ಅಜ್ಜ ಅಷ್ಟರಲ್ಲಿ ಸಾರ್ ಆಗಿದ್ದರು.

ಎಲ್ಲರೂ ಮಾವನನ್ನು ನೋಡಿದೆವು. ಹೆಂಡತಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ಮಾವ ಮಗನನ್ನು ನೋಡಲಿಲ್ಲ, ಮಗಳನ್ನು ನೋಡಲಿಲ್ಲ.

"ನೀನೇನಂತೀಯಪ್ಪಾ?" ಎಂದು ನನ್ನನ್ನು ಕೇಳಿದರು.

ಮಾತೇ ನನ್ನ ಕಸುಬು. ಬಾಯಿಗೆ ಮೂರು ಶ್ಲೇಷೆ, ಒಂದು ಗಾದೆ, ಒಂದು ಉಪಮೆ ಒಟ್ಟಿಗೆ ಬಂದು ಬಾಗಿಲಲ್ಲಿ ಸಿಕ್ಕಿಕೊಂಡವು. ಯಾವುದನ್ನು ಹೇಳಿದರೂ ಅವರು ನಗುವುದಿಲ್ಲ ಎಂದು ಗೊತ್ತಿತ್ತು.

"ಇಲ್ಲೇ ಇರಿ" ಎಂದೆ.

ಮಾವ ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದರು.

"ಇಷ್ಟು ಚಿಕ್ಕದಾಗಿ ಮಾತಾಡೋಕೆ ಬರುತ್ತೆ ಅಂದ್ಮೇಲೆ, ಇಷ್ಟು ವರ್ಷ ಯಾಕಪ್ಪಾ ನಮ್ಮನ್ನೆಲ್ಲ ಸತಾಯಿಸಿದೆ?"

ಹೆಂಡತಿ ನಕ್ಕಳು. ಮೇಲ್ವಿಚಾರಕಿ ನಕ್ಕರು. ಬಾವಮೈದ ಕೂಡ ನಕ್ಕ. ಎಲ್ಲರಿಗೂ ಕಾಫಿ ತರಲು ಒಳಗೆ ಹೋದೆ.